ಕೂತುಬಿಟ್ಟ ಕಾರು, ಕೊಟ್ರಬಸಪ್ಪನ ಸಿಟ್ಟು

ಕೊಟ್ರಬಸಪ್ಪನ ಸಿಟ್ಟು ಇಡೀ ಭಟ್ಟಿ ಬೀದಿಗೇ ಗೊತ್ತಿತ್ತು. ದಾವಣಗೆರೆಯಲ್ಲಿ ಅವನದೊಂದು ಮಂಡಕ್ಕಿ ಭಟ್ಟಿ, ಅದರ ಅಂಗಳಕ್ಕೇ ಅಂಟಿಕೊಂಡು ಮನೆ. ಒಲೆಯ ಮೇಲೆ ಮರಳು ಕಾಯುವುದಕ್ಕಾದರೂ ಸ್ವಲ್ಪ ಹೊತ್ತು ಬೇಕು, ಈ ಮನುಷ್ಯ ಕಾಯುವುದಕ್ಕೆ ಅಷ್ಟೂ ಬೇಡ. ಮಂಡಕ್ಕಿ ಕರಕಲಾದರೆ ಬೈಗುಳ. ಚೀಲದ ಬಾಯಿ ಸಡಿಲ ಹೊಲಿದರೆ ಬೈಗುಳ. ಬೈದಾದ ಮೇಲೆ ವಿಚಾರಣೆ, ಅದೂ ನೆನಪಾದರೆ. "ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಒಂದು ಗಳಿಗೆ ಅಷ್ಟೇ" ಅಂತ ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಉಕ್ಕಿದ ಹಾಲನ್ನು ಒರೆಸುವವರು ಯಾರು ಅಂತ ಅವನನ್ನು ಒಬ್ಬರೂ ಕೇಳಿರಲಿಲ್ಲ.

ಇಂಥವನಿಗೂ ಹೆಂಡತಿ ಹಾಲಮ್ಮ ಅಂದರೆ ಜೀವ. ಹಾಲಮ್ಮ ಒಂದು ದಿನ ಭಟ್ಟಿಯ ಅಂಗಳದಲ್ಲಿ, ಭತ್ತ ನೆನೆಸಿದ ನೀರಿನ ಮೇಲೆ ಕಾಲು ಜಾರಿ ಬಿದ್ದಳು. ಬೆನ್ನುಮೂಳೆಗೆ ಪೆಟ್ಟಾಯಿತು, ಆಪರೇಷನ್ನೂ ಆಯಿತು. ನಡೆದಾಡುವಷ್ಟು ಸುಧಾರಿಸಿಕೊಂಡಳು ನಿಜ, ಆದರೆ ಕೂತ ಗಾಡಿ ಸ್ವಲ್ಪ ಕುಲುಕಿದರೂ ಜೀವ ಹೋದ ಹಾಗಾಗುತ್ತಿತ್ತು. ಹರಿಹರ ಅಂದರೆ ಪಕ್ಕದ ಊರು, ಅಲ್ಲಿರುವ ತಂಗಿಯ ಮನೆಗೂ ಹೋಗಲಾರದೆ ಕಿಟಕಿ ಹತ್ತಿರ ಕೂತುಬಿಟ್ಟಳು.

ಆಗ ಕೊಟ್ರಬಸಪ್ಪ ಹುಡುಕಿ ಹುಡುಕಿ ಒಂದು ದೊಡ್ಡ ಸೆಕೆಂಡ್ ಹ್ಯಾಂಡ್ ಕಾರು ತಂದ. ಅದು ಸ್ಪ್ರಿಂಗಿನ ಮೇಲೆ ನಿಲ್ಲುವ ಕಾರಲ್ಲ, ಗಾಳಿಯ ಮೇಲೆ ನಿಲ್ಲುವ ಕಾರು. ಒಂದೊಂದು ಚಕ್ರದ ಹತ್ತಿರವೂ ಒಂದೊಂದು ರಬ್ಬರ್ ಚೀಲ. ಆ ಚೀಲಗಳಿಗೆ ಗಾಳಿ ತುಂಬುವುದಕ್ಕೆ ಒಂದು ಸಣ್ಣ ಕಂಪ್ರೆಸರ್. ಕಂಪ್ರೆಸರಿನಿಂದ ಚೀಲಕ್ಕೆ ಗಾಳಿ ಹೋಗುವುದು ಬೆರಳಿಗಿಂತ ಸಣ್ಣ ಪೈಪಿನಲ್ಲಿ. ಚೀಲ ತುಂಬಿದರೆ ಕಾರು ಎದ್ದು ನಿಲ್ಲುತ್ತದೆ. ಕೆಳಗೆ ಹಳ್ಳ ಬರಲಿ, ದಿಣ್ಣೆ ಬರಲಿ, ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಕಾರು ಓಡಿಸಲು ಗುಡ್ಡಪ್ಪ. ಅವನು ಭಟ್ಟಿಯ ಲಾರಿ ಓಡಿಸಿಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಮೊದಲ ದಿನ ಅವನು ಹರಿಹರಕ್ಕೆ ಎಷ್ಟು ಮೆತ್ತಗೆ ಕರೆದುಕೊಂಡು ಹೋದ ಅಂದರೆ, ತಂಗಿಯ ಮನೆ ಮುಂದೆ ಇಳಿಯುವಾಗ ಹಾಲಮ್ಮನ ಕಣ್ಣಲ್ಲಿ ನೀರು ಬಂದಿತ್ತು. "ಎಲ್ಲೂ ನೋಯಲಿಲ್ಲ ಕಣೋ ಗುಡ್ಡಪ್ಪ" ಅಂದಳು. ಅವತ್ತಿನಿಂದ ಬೇರೆ ಯಾರು ಸ್ಟೇರಿಂಗ್ ಹಿಡಿದರೂ ಅವಳು ಕಾರು ಹತ್ತುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಚೆನ್ನಾಗಿದ್ದದ್ದನ್ನು ಹಾಗೇ ಬಿಟ್ಟರೆ ಕೊಟ್ರಬಸಪ್ಪನ ಕೈಗೆ ಕೆಲಸ ಬೇಡವೇ!

ಆ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಅಮಾವಾಸ್ಯೆ ಬಂದರೆ ಭಟ್ಟಿಯ ಪ್ರತಿಯೊಂದು ಯಂತ್ರಕ್ಕೂ ಎಡೆ. ಒಂದು ಹಿಡಿ ಮಂಡಕ್ಕಿ, ಮೇಲೊಂದು ಚೂರು ಬೆಲ್ಲ. ಇಟ್ಟ ಎಡೆಯನ್ನು ಯಾರೂ ಕೈಯಿಂದ ತೆಗೆಯುವಂತಿಲ್ಲ. ಯಂತ್ರ ತಿರುಗಿದಾಗ ತಾನಾಗಿ ಉದುರಿ ಹೋಗಬೇಕು. ಭಟ್ಟಿಯ ಜರಡಿಗೆ ಈ ಪದ್ಧತಿ ಸರಿಯೇ, ಅದು ಅಲ್ಲಾಡುತ್ತದೆ, ಎಡೆ ಉದುರುತ್ತದೆ, ಗುಬ್ಬಿಗಳು ತಿನ್ನುತ್ತವೆ. ಕಾರು ಬಂದ ಮೇಲೆ ಅದೂ ಯಂತ್ರವೇ ಅಲ್ಲವೇ? ಕೊಟ್ರಬಸಪ್ಪ ಬಾನೆಟ್ ಎತ್ತಿಸಿ, ಬಲಗಡೆ ಒಂದು ಮೂಲೆಯಲ್ಲಿ ಗೂಡಿನ ಥರ ಜಾಗ ಇರುವುದು ನೋಡಿ, ಅಲ್ಲಿ ಎಡೆ ಇಟ್ಟ. ಊದುಬತ್ತಿ ಬೆಳಗಿದ. ಬಾನೆಟ್ ಮುಚ್ಚಿದ.

ಮರುದಿನ ಗುಡ್ಡಪ್ಪ ಬಟ್ಟೆ ಹಿಡಿದು ಅದನ್ನು ಒರೆಸಲು ಹೋದ.

"ಏಯ್! ಮುಟ್ಟಬೇಡ ಅದನ್ನ!" ಕೊಟ್ರಬಸಪ್ಪ ಅಂಗಳದ ಕಟ್ಟೆಯ ಮೇಲಿಂದಲೇ ಗದರಿದ. "ಎಡೆಗೆ ಕೈ ಹಾಕ್ತೀಯಾ?"

"ಬೆಲ್ಲ ಕರಗಿ ಅಂಟಾಗೈತೆ ಯಜಮಾನ್ರೇ..."

"ಆದ್ರೆ ಆಗಲಿ. ಮುಚ್ಚು ಬಾನೆಟ್ಟು."

ಗುಡ್ಡಪ್ಪ ಮುಚ್ಚಿದ. ಮುಂದಿನ ಅಮಾವಾಸ್ಯೆಗೆ ಮತ್ತೊಂದು ಹಿಡಿ ಬಿತ್ತು, ಅದರ ಮುಂದಿನದಕ್ಕೆ ಇನ್ನೊಂದು.

ಸ್ವಲ್ಪ ಕಾಲ ಕಳೆಯಿತು. ಒಂದು ಬೆಳಿಗ್ಗೆ ಗುಡ್ಡಪ್ಪ ಬಂದು ನೋಡುತ್ತಾನೆ, ಕಾರಿನ ಮುಂದಿನ ಬಲ ಮೂಲೆ ನೆಲದ ಕಡೆ ಕುಸಿದು ಕೂತಿದೆ. ಸ್ಟಾರ್ಟ್ ಮಾಡಿದ. ಕಂಪ್ರೆಸರ್ ಗುರ್ ಅಂತು, ಕಾರು ಎದ್ದಿತು. ಆದರೆ ಗುರ್ ಅನ್ನುವುದು ನಿಲ್ಲಲಿಲ್ಲ. ಮೊದಲೆಲ್ಲ ಒಂದು ಗಳಿಗೆ ಸದ್ದು ಮಾಡಿ ಸುಮ್ಮನಾಗುತ್ತಿದ್ದದ್ದು ಈಗ ಹರಿಹರ ಮುಟ್ಟುವವರೆಗೂ ಗೊಣಗುತ್ತಲೇ ಇತ್ತು. ಅವನು ಬಂದು ಯಜಮಾನನಿಗೆ ಹೇಳಿದ.

"ಕಂಪ್ರೆಸರ್ ಸುಮ್ನಾಗ್ತಾನೇ ಇಲ್ಲ ಯಜಮಾನ್ರೇ. ಬೆಳಿಗ್ಗೆ ಮುಂದಿನ ಮೂಲೆ ಬೇರೆ ಕುಂತಿರ್ತೈತೆ. ಗ್ಯಾರೇಜಿಗೆ ತೋರಿಸ್ಬೇಕು."

ಕೊಟ್ರಬಸಪ್ಪನಿಗೆ ಅವತ್ತು ಭತ್ತದ ವ್ಯಾಪಾರದಲ್ಲಿ ಜಗಳವಾಗಿತ್ತು. "ಓಡ್ತೈತೋ ಇಲ್ವೋ?"

"ಓಡ್ತೈತೆ."

"ಓಡಿಸು ಮತ್ತೆ! ಸದ್ದು ಕೇಳಿಸಬಾರ್ದು ಅಂದ್ರೆ ರೇಡಿಯೋ ಹಾಕ್ಕೋ."

ಅಲ್ಲ, ಇದು ಮಾತೇ? ದುಡಿಯುವ ಯಂತ್ರ ಅಳುತ್ತಿದೆ ಅಂತ ಬಂದು ಹೇಳಿದವನಿಗೆ ರೇಡಿಯೋ ಹಾಕಿಕೋ ಅಂದರೆ ಅವನಾದರೂ ಏನು ಮಾಡಬೇಕು? ಗುಡ್ಡಪ್ಪ ಹಲ್ಲು ಕಚ್ಚಿಕೊಂಡು ಕಾರು ಓಡಿಸಿದ.

ಒಂದು ದಿನ ಕಂಪ್ರೆಸರ್ ಸುಟ್ಟುಹೋಯಿತು. ಕಾರು ಉಸಿರು ಬಿಟ್ಟು ನೆಲಕ್ಕೆ ಕೂತುಬಿಟ್ಟಿತು.

ಹಳೇ ಹೆದ್ದಾರಿಯ ಪಕ್ಕದಲ್ಲಿ ಖಲಂದರ್ ಸಾಬನ ಗ್ಯಾರೇಜು. ಕೊಟ್ರಬಸಪ್ಪ ಕಾರನ್ನು ಲಾರಿಗೆ ಹೇರಿಸಿ ಅಲ್ಲಿಗೆ ತಂದ. ಸಾಬ ಇಂಥ ಕಾರುಗಳ ಕೆಲಸ ಕಲಿತು ಬಂದವನು. ಮೊದಲು ಫ್ಯೂಸ್ ತೆಗೆದು ನೋಡಿದ, ರಿಲೇ ಸ್ವಿಚ್ಚು ತೆಗೆದು ನೋಡಿದ, ಎರಡೂ ಸರಿಯಾಗಿದ್ದವು. ಆಮೇಲೆ ಬ್ಯಾಟರಿಯಿಂದ ಕಂಪ್ರೆಸರಿಗೇ ನೇರವಾಗಿ ಕರೆಂಟು ಕೊಟ್ಟ. ಅದು ಅಲ್ಲಾಡಲಿಲ್ಲ. ಮೂಗಿನ ಹತ್ತಿರ ಹಿಡಿದ, ಸುಟ್ಟ ವಾಸನೆ.

"ಇದು ಸತ್ತೋಗಿದೆ ಸಾವ್ಕಾರ್ರೇ. ಆದ್ರೆ ಸುಮ್ ಸುಮ್ನೆ ಸಾಯೋದಲ್ಲ ಇದು. ಎಲ್ಲೋ ಗಾಳಿ ಲೀಕ್ ಆಗ್ತಾ ಇರ್ಬೇಕು. ಹೋಗೋ ಗಾಳಿನ ತುಂಬಿ ತುಂಬಿ ಸುಸ್ತಾಗಿ ಸುಟ್ಟಿರುತ್ತೆ. ಕಾರು ಇಲ್ಲೇ ಬಿಡಿ, ಹುಡುಕ್ತೀನಿ."

"ಕೆಟ್ಟಿರೋದು ಯಾವುದಯ್ಯಾ?"

"ಕಂಪ್ರೆಸರ್ರು. ಆದ್ರೆ..."

"ಆದ್ರೆ ಗೀದ್ರೆ ಬೇಡ! ಕೆಟ್ಟಿದ್ದನ್ನ ಕಿತ್ತು ಹೊಸದು ಹಾಕು. ನನ್ನ ಹೆಂಡ್ತಿ ನಾಳೆ ಡಾಕ್ಟ್ರ ಹತ್ರ ಹೋಗ್ಬೇಕು. ಸುಮ್ನೆ ಕಾರು ಇಟ್ಕೊಂಡು ಬಿಲ್ಲು ಏರಿಸೋ ಆಟ ನನ್ ಹತ್ರ ಆಡಬೇಡ."

ಖಲಂದರ್ ಸಾಬನಿಗೂ ಮೈ ಉರಿಯಿತು. ಬಿಲ್ಲು ಏರಿಸುತ್ತಾನೆ ಅನ್ನಿಸಿಕೊಂಡ ಮೇಲೆ ಹುಡುಕುವ ಮನಸ್ಸು ಯಾರಿಗೆ ಬಂದೀತು? ಹಾಳಾಗಿ ಹೋಗಲಿ ಅಂತ ಹೊಸ ಕಂಪ್ರೆಸರ್ ಕೂರಿಸಿದ. ಅವನ ಗ್ಯಾರೇಜಿನ ಪದ್ಧತಿಯಂತೆ, ತಾನು ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಕಂಪ್ರೆಸರಿನ ಮೈವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದ. ಯಾರಾದರೂ ಬಿಚ್ಚಿದರೆ ಆ ಗೆರೆ ಒಡೆದು ಗೊತ್ತಾಗಿಬಿಡುತ್ತದೆ.

ಹೊಸದು ಬಂತು, ಕಾರು ಎದ್ದಿತು, ಕೊಟ್ರಬಸಪ್ಪ ಮೀಸೆ ತಿರುವಿದ. ಗೊಣಗುವ ಸದ್ದು ಮಾತ್ರ ಹಾಗೇ ಇತ್ತು. ಗುಡ್ಡಪ್ಪ ಇನ್ನೊಂದು ಸಲ ಬಾಯಿ ತೆರೆದ, ಇನ್ನೊಂದು ಸಲ ರೇಡಿಯೋ ಹಾಕಿಸಿಕೊಂಡ. ಮುಂದಿನ ಅಮಾವಾಸ್ಯೆಗೆ ಮೊದಲೇ ಹೊಸ ಕಂಪ್ರೆಸರೂ ಸುಟ್ಟು, ಕಾರು ಭಟ್ಟಿಯ ಅಂಗಳದ ನಡುವೆ ಮತ್ತೆ ಕೂತುಬಿಟ್ಟಿತು.

ಆಗ ನೋಡಿ ಬಂತು ಸಿಟ್ಟು! ಪಿತ್ತ ನೆತ್ತಿಗೇರಿತು. ಕೊಟ್ರಬಸಪ್ಪ ಕಟ್ಟೆ ಹತ್ತಿ ನಿಂತು, ಕಾರಿನ ಪಕ್ಕದಲ್ಲಿದ್ದ ಗುಡ್ಡಪ್ಪನ ಕಡೆ ಬೆರಳು ತೋರಿಸಿದ. ಜರಡಿ ಹಿಡಿಯುವ ಹೆಂಗಸರು, ಒಲೆ ಮುಂದಿನ ಗಂಡಸರು, ಚೀಲ ಕೊಳ್ಳಲು ಬಂದ ಅಂಗಡಿಯವರು, ಎಲ್ಲರೂ ತಿರುಗಿ ನೋಡಿದರು.

"ಹೊಸ ಸಾಮಾನು ಇಷ್ಟು ಬೇಗ ಹೆಂಗೆ ಸುಡ್ತೈತೆ? ಹೊಸದನ್ನ ಬಿಚ್ಚಿ ಮಾರ್ಕೊಂಡು, ಯಾವುದೋ ಗುಜರಿ ತಂದು ಕೂರಿಸಿದೀಯ! ಹೌದೋ ಅಲ್ವೋ?"

ಗುಡ್ಡಪ್ಪನ ಮುಖ ಬಿಳಿಚಿಕೊಂಡಿತು. "ಏನಂದ್ರಿ?"

"ಕಳ್ಳ ಅಂದೆ! ಉಂಡ ಮನೆಗೆ ಕನ್ನ ಹಾಕೋ ಕಳ್ಳ!"

ಗುಡ್ಡಪ್ಪ ಒಂದು ಹೆಜ್ಜೆ ಮುಂದೆ ಬಂದ. ಮುಷ್ಟಿ ಬಿಗಿಯಾಗಿತ್ತು. ಹೊಡೆದೇಬಿಡುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಜೇಬಿನಿಂದ ಕಾರಿನ ಬೀಗದ ಕೈ ತೆಗೆದು ಕಟ್ಟೆಯ ಮೇಲೆ ಕುಕ್ಕಿದ.

"ನಿಮ್ಮ ಭಟ್ಟಿ ಮಂಡಕ್ಕಿ ತುಂಬಿದ ಲಾರಿ ಊರೂರು ತಗೊಂಡು ಹೋದೋನು ನಾನು. ಒಂದು ಕಾಳು ಕಮ್ಮಿ ಆಗಿಲ್ಲ. ಇವತ್ತು ಇಷ್ಟು ಜನದ ಮುಂದೆ ಕಳ್ಳ ಅಂದ್ರಿ. ಆಯ್ತು." ಅಷ್ಟು ಹೇಳಿ ಹೊರಟುಹೋದ.

ಬೀದಿಯಲ್ಲಿ ಬಿದ್ದ ಮಾತು ಬೀದಿಯಲ್ಲೇ ನಿಲ್ಲುವುದಿಲ್ಲವಲ್ಲ. ಸಂಜೆಗೆ ಲಾರಿ ಸ್ಟ್ಯಾಂಡಿಗೆ ಮುಟ್ಟಿತು. ಗುಡ್ಡಪ್ಪ ಯಾವ ಭಟ್ಟಿಗೆ ಕೆಲಸ ಕೇಳಲು ಹೋದರೂ, "ಈಗ ಗಾಡಿ ಇಲ್ಲ ಗುಡ್ಡಪ್ಪ, ಆಮೇಲೆ ನೋಡೋಣ" ಅಂದರು. ಗಾಡಿ ಕಣ್ಣ ಮುಂದೆಯೇ ನಿಂತಿರುತ್ತಿತ್ತು. ಅವನ ಕೈಗೆ ಬೀಗದ ಕೈ ಕೊಡುವವರು ಇಲ್ಲವಾದರು. ಡ್ರೈವರ್ ಅಂದರೆ ಇನ್ನೇನಿದೆ ಹೇಳಿ? ನಂಬಿ ಗಾಡಿ ಕೊಡುತ್ತಾರೆ, ಅದೇ ಅವನ ಆಸ್ತಿ. ಅದನ್ನು ಕೊಟ್ರಬಸಪ್ಪ ಒಂದೇ ಕೂಗಿಗೆ ಸುಟ್ಟು ಹಾಕಿದ್ದ.

ಮನೆಯಲ್ಲಿ ಹಾಲಮ್ಮ ಗಂಡನನ್ನು ನೋಡಿ ಒಂದೇ ಮಾತು ಕೇಳಿದಳು. "ಕಳ್ಳನ ಜೊತೆ ಇಷ್ಟು ದಿನ ನನ್ನ ಒಬ್ಬಳನ್ನೇ ಕಾರಲ್ಲಿ ಕಳಿಸ್ತಿದ್ರಾ?"

ಕೊಟ್ರಬಸಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಕಳ್ಳತನ ರುಜುವಾತು ಮಾಡಿಯೇ ತೀರುತ್ತೇನೆ ಅಂತ ಕಾರನ್ನು ಮತ್ತೆ ಲಾರಿಗೆ ಹೇರಿಸಿ ಖಲಂದರ್ ಸಾಬನ ಗ್ಯಾರೇಜಿಗೆ ತಂದ.

"ನೋಡು ಸಾಬಾ, ಇದು ನೀನು ಹಾಕಿದ ಕಂಪ್ರೆಸರ್ ಅಲ್ಲ. ನನ್ನ ಡ್ರೈವರ್ರು ಬದಲಾಯಿಸಿದಾನೆ. ಬಾಯಿ ಬಿಟ್ಟು ಹೇಳು, ಪೊಲೀಸಿಗೆ ಕೊಡ್ತೀನಿ."

ಖಲಂದರ್ ಸಾಬ ಬಗ್ಗಿ ನೋಡಿದ. ಎದ್ದ. ಅವನ ಕಣ್ಣೂ ಕೆಂಪಾಗಿತ್ತು.

"ಬಗ್ಗಿ ನೋಡಿ ಸಾವ್ಕಾರ್ರೇ. ಹಳದಿ ಗೆರೆ ಕಾಣುತ್ತಾ? ನಾನೇ ಎಳೆದಿದ್ದು. ಒಂದಾದ್ರೂ ಒಡೆದಿದೆಯಾ? ಇದಕ್ಕೆ ಸ್ಪ್ಯಾನರ್ ಮುಟ್ಟೇ ಇಲ್ಲ. ಯಾರ ಮೇಲೆ ಗೂಬೆ ಕೂರಿಸ್ತಿದೀರಿ ನೀವು?"

ಕೊಟ್ರಬಸಪ್ಪ ಬಗ್ಗಿದ. ಗೆರೆಗಳು ಎಳೆದ ಹಾಗೇ ಇದ್ದವು. ಅವನ ಸಿಟ್ಟು ಗಕ್ಕನೆ ನಿಂತಿತು, ಆದರೆ ಸಿಟ್ಟು ಅಭ್ಯಾಸವಾದವನಿಗೆ ನಿಲ್ಲಿಸುವುದು ಗೊತ್ತಿರಬೇಕಲ್ಲ, ತಕ್ಷಣ ಬೇರೆ ದಾರಿ ಹಿಡಿಯಿತು. "ಹಂಗಾದ್ರೆ ನೀನೇ ಕಳಪೆ ಮಾಲು ಹಾಕಿದೀಯ!"

"ಬಾಯಿ ಮುಚ್ಕೊಂಡು ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ!" ಖಲಂದರ್ ಸಾಬ ಗುಡುಗಿದ. "ಹಿಂದಿನ ಸಲ ನೀವು ಬೈದಿರಿ ಅಂತ ನಾನು ಹುಡುಕದೇ ಬಿಟ್ಟೆ. ಅದು ನನ್ನ ತಪ್ಪು. ಈ ಸಲ ನೀವು ಎಷ್ಟಾದ್ರೂ ಬೈರಿ, ಗಾಳಿ ಎಲ್ಲಿ ಹೋಗ್ತಿದೆ ಅಂತ ನೋಡದೇ ಹೊಸದು ಹಾಕಲ್ಲ."

ತನ್ನ ಮೇಲೆ ಯಾರಾದರೂ ಹೀಗೆ ಕೂಗಿ ಎಷ್ಟು ಕಾಲವಾಗಿತ್ತೋ! ಕೊಟ್ರಬಸಪ್ಪ ಸ್ಟೂಲಿನ ಮೇಲೆ ಕೂತ.

ಖಲಂದರ್ ಸಾಬ ಕೇಳಿದ. "ಬೆಳಿಗ್ಗೆ ನೋಡಿದ್ರೆ ಕಾರು ನಾಲ್ಕೂ ಕಡೆ ಕೂತಿರ್ತಿತ್ತಾ, ಒಂದೇ ಕಡೆನಾ?"

"ಮುಂದಿನ ಬಲಗಡೆ ಮೂಲೆ ಅಂತ... ಗುಡ್ಡಪ್ಪ ಹೇಳ್ತಿದ್ದ."

"ಹೇಳ್ತಿದ್ದ? ಮತ್ತೆ ನನಗ್ಯಾಕೆ ಹೇಳಲಿಲ್ಲ ನೀವು?"

ರೇಡಿಯೋ ಹಾಕಿಕೋ ಅಂದಿದ್ದು ಕೊಟ್ರಬಸಪ್ಪನಿಗೆ ನೆನಪಾಯಿತು.

ಸಾಬ ಗ್ಯಾರೇಜಿನ ದೊಡ್ಡ ಗಾಳಿ ಯಂತ್ರದಿಂದ ಕಾರಿನ ಪೈಪುಗಳಿಗೆ ಗಾಳಿ ಬಿಟ್ಟ. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಬ್ರಷ್ಷಿನಿಂದ ಮುಂದಿನ ಬಲ ಚಕ್ರದ ರಬ್ಬರ್ ಚೀಲಕ್ಕೆ ಬಳಿದ. ಗುಳ್ಳೆ ಬರಲಿಲ್ಲ. ಪೈಪಿನ ಜಾಯಿಂಟಿಗೆ ಬಳಿದ. ಬರಲಿಲ್ಲ. ಪೈಪು ಹಿಡಿದುಕೊಂಡೇ ಮೇಲೆ ಬಂದ, ಬಾನೆಟ್ ಎತ್ತಿ ಬಲಗಡೆ ಮೂಲೆಗೆ ಬ್ರಷ್ ತೂರಿಸಿದ. ಅಲ್ಲಿ ಸೋಪಿನ ನೀರು ಬುಳುಬುಳು ಅಂತ ನೊರೆ ಕಟ್ಟಿತು.

"ಸಿಕ್ಕಿತು" ಅಂದ ಸಾಬ. ಕೈ ಒಳಗೆ ಹಾಕಿ ತಡಕಾಡಿದ. ಅವನ ಮುಖ ಹೇಗೋ ಆಯಿತು. ಏನನ್ನೋ ಬಾಚಿ ಹೊರಗೆ ತೆಗೆದು ಕೊಟ್ರಬಸಪ್ಪನ ಕಾಲ ಹತ್ತಿರ ಸುರಿದ.

ಚಿಂದಿ ಬಟ್ಟೆ, ಹುಲ್ಲು, ಇಲಿ ಹಿಕ್ಕೆ. ಅದರ ನಡುವೆ ಬೆಳ್ಳಗೆ ಮಂಡಕ್ಕಿ, ಬೆಲ್ಲ ಅಂಟಿಕೊಂಡು ಉಂಡೆ ಕಟ್ಟಿದ ಮಂಡಕ್ಕಿ.

"ಇಲಿ ಗೂಡು ಮಾಡಿದೆ. ಪೈಪ್ ಕಡಿದು ತೂತು ಮಾಡಿದೆ. ಆ ತೂತಿನಿಂದ ಗಾಳಿ ಹೋಗ್ತಾ ಇತ್ತು, ಪಾಪ ಈ ಕಂಪ್ರೆಸರ್ ತುಂಬ್ತಾನೇ ಇತ್ತು. ಎಷ್ಟು ಅಂತ ತುಂಬುತ್ತೆ ಅದು? ನಾನೇ ಆಗಿದ್ರೂ ಸುಟ್ಟು ಹೋಗ್ತಿದ್ದೆ." ಸಾಬ ಕೈ ಒರೆಸಿಕೊಂಡ. "ಅಲ್ಲ ಸಾವ್ಕಾರ್ರೇ, ಇಂಜಿನ್ ಒಳಗೆ ಇಲಿಗೆ ತಿಂಡಿ ಹಾಕೋ ಅಂಥ ಬುದ್ಧಿಗೇಡಿ ಯಾರು?"

ಕೊಟ್ರಬಸಪ್ಪ ತನ್ನ ಭಟ್ಟಿಯ ಮಂಡಕ್ಕಿಯನ್ನು ನೋಡುತ್ತಾ ಕೂತ. ಸಿಟ್ಟು ಮತ್ತೆ ಬಂತು, ಬಾರದೆ ಇರುತ್ತದೆಯೇ? ಇಲಿಯ ಮೇಲೆ ಬಂತು, ಅದು ಎದುರಿಗಿರಲಿಲ್ಲ. ಪದ್ಧತಿ ಮಾಡಿಟ್ಟ ಅಪ್ಪನ ಮೇಲೆ ಬಂತು, ಅಪ್ಪ ಜರಡಿಗೆ ಇಡು ಅಂದಿದ್ದನೇ ಹೊರತು ಕಾರನ್ನು ಕಂಡವನೇ ಅಲ್ಲ. ಗುಡ್ಡಪ್ಪನ ಮೇಲೆ ಹೊರಳಿಸೋಣ ಅಂದರೆ, ಬಟ್ಟೆ ಹಿಡಿದು ಒರೆಸಲು ಬಂದವನು ಅವನೊಬ್ಬನೇ. ಸುತ್ತಿ ಸುತ್ತಿ ಸಿಟ್ಟು ತನ್ನ ಹತ್ತಿರವೇ ಬಂದು ನಿಂತಿತು. ಬೇರೆಯವರಿಗೆ ಅದು ಎಷ್ಟು ಸುಡುತ್ತಿತ್ತು ಅಂತ ಅವತ್ತು ಅವನಿಗೆ ಗೊತ್ತಾಯಿತು.

"ನಾನೇ" ಅಂದ ಮೆಲ್ಲಗೆ.

ಮರುದಿನ ಕಾರು ರಿಪೇರಿಯಾಯಿತು. ಕೊಟ್ರಬಸಪ್ಪ ನೇರವಾಗಿ ಗುಡ್ಡಪ್ಪನ ಮನೆಗೆ ಹೋದ. ಬಾಗಿಲು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದ. "ತಪ್ಪಾಯ್ತು ಗುಡ್ಡಪ್ಪ. ಮರೆತುಬಿಡು. ನಾಳೆಯಿಂದ ಕೆಲಸಕ್ಕೆ ಬಾ."

ಗುಡ್ಡಪ್ಪ ಎದ್ದು ಬಾಗಿಲು ಪೂರ್ತಿ ತೆರೆದ.

"ಬೈಯುವಾಗ ಬೀದಿಗೆಲ್ಲ ಕೇಳಿಸೋ ಹಂಗೆ ಕಟ್ಟೆ ಹತ್ತಿ ಬೈದ್ರಿ. ತಪ್ಪಾಯ್ತು ಅನ್ನೋಕೆ ಬಾಗಿಲು ಹಾಕ್ಕೊಂಡು ಪಿಸುಗುಡ್ತೀರಾ? ನಿಮ್ಮ ಕೆಲಸ ನನಗೆ ಬೇಡ ಯಜಮಾನ್ರೇ. ನನ್ನ ಹೆಸರು ಬೇಕು. ಎಲ್ಲಿ ತೆಗೆದ್ರೋ ಅಲ್ಲೇ ವಾಪಸ್ ಇಡ್ರಿ."

ಕೊಟ್ರಬಸಪ್ಪನ ಮುಖ ಕೆಂಪಗಾಯಿತು. ತನ್ನ ಆಳಿನ ಬಾಯಲ್ಲಿ ಇಷ್ಟು ಮಾತೇ! ಸಿಟ್ಟು ಗಂಟಲವರೆಗೆ ಬಂದುಬಿಟ್ಟಿತ್ತು. ನುಂಗಿಕೊಂಡ. ಅದು ಎಷ್ಟು ಕಹಿಯಾಗಿತ್ತೋ ಅವನಿಗೇ ಗೊತ್ತು.

ಮಾರನೇ ಬೆಳಿಗ್ಗೆ ಭಟ್ಟಿಯ ಅಂಗಳ ತುಂಬಿದ್ದ ಹೊತ್ತು. ಗೇಟಿನ ಹತ್ತಿರ ಗುಡ್ಡಪ್ಪ ಕೈ ಕಟ್ಟಿ ನಿಂತಿದ್ದ. ಕೊಟ್ರಬಸಪ್ಪ ಅದೇ ಕಟ್ಟೆ ಹತ್ತಿದ.

"ಗುಡ್ಡಪ್ಪ ಕಳ್ಳ ಅಲ್ಲ" ಅಂದ.

ಮನೆಯ ಕಿಟಕಿಯಿಂದ ಹಾಲಮ್ಮನ ದನಿ ಬಂತು. "ಬೀದಿಗೆ ಕೇಳಿಸ್ಲಿಲ್ಲ. ಅವತ್ತು ಕೇಳಿಸಿತ್ತು."

ಹೆಂಗಸರ ಕೈಯಲ್ಲಿ ಜರಡಿ ನಿಂತಿತು. ಕೊಟ್ರಬಸಪ್ಪ ಉಸಿರು ಎಳೆದುಕೊಂಡು, ಬೈಯುವಾಗ ಹೇಗೆ ಕೂಗುತ್ತಿದ್ದನೋ ಹಾಗೆಯೇ ಕೂಗಿದ. "ಗುಡ್ಡಪ್ಪ ಕಳ್ಳ ಅಲ್ಲಾ! ನಾನು ಅಂದಿದ್ದು ಸುಳ್ಳು! ಕಂಪ್ರೆಸರ್ ಸುಟ್ಟಿದ್ದು ನನ್ನ ಮಂಡಕ್ಕಿಯಿಂದ, ನನ್ನ ಕೊಬ್ಬಿನಿಂದ! ಅವನು ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ! ಲಾರಿ ಸ್ಟ್ಯಾಂಡಿನಲ್ಲಿ ಯಾರಾದ್ರೂ ಅವನನ್ನ ಕಳ್ಳ ಅಂದ್ರೆ, ಆ ಮಾತು ನನಗೆ ಅಂದ ಹಾಗೆ!"

ಗುಡ್ಡಪ್ಪ ನಡೆದು ಬಂದ, ಕೈ ಚಾಚಿದ. ಕೊಟ್ರಬಸಪ್ಪ ಕಟ್ಟೆ ಇಳಿದು ಬೀಗದ ಕೈ ಅವನ ಕೈಗೆ ಕೊಟ್ಟ.

"ಸಿಟ್ಟು ನನಗೂ ಐತೆ ಯಜಮಾನ್ರೇ. ಇನ್ನೂ ಇಳಿದಿಲ್ಲ" ಅಂದ ಗುಡ್ಡಪ್ಪ. "ಈಗ ಅಮ್ಮಾರನ್ನ ಹರಿಹರಕ್ಕೆ ಬಿಟ್ಟು ಬರ್ತೀನಿ. ಉಳಿದಿದ್ದು ಆಮೇಲೆ."

ಹಾಲಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಗುಡ್ಡಪ್ಪ ಸ್ಟಾರ್ಟ್ ಮಾಡಿ, ರೇಡಿಯೋ ಆಫ್ ಮಾಡಿ, ಕಿವಿಗೊಟ್ಟ. ಕಂಪ್ರೆಸರ್ ಗುರ್ ಅಂತು. ಕಾರು ಮೆಲ್ಲಗೆ ಎದ್ದು ನಿಂತಿತು. ಗುರ್ ಅನ್ನುವುದು ನಿಂತಿತು.

ಮುಂದಿನ ಅಮಾವಾಸ್ಯೆಗೆ ಕೊಟ್ರಬಸಪ್ಪ ಎಡೆಯನ್ನು ಬಾನೆಟ್ಟಿನ ಮೇಲೆ ಇಟ್ಟ, ಒಳಗೆ ಅಲ್ಲ. ಊದುಬತ್ತಿ ಆರುತ್ತಿದ್ದ ಹಾಗೆ ಗುಡ್ಡಪ್ಪ ಬಟ್ಟೆ ತಂದು ಯಜಮಾನನ ಕಣ್ಣೆದುರಿಗೇ ಎಲ್ಲವನ್ನೂ ಬಾಚಿ ಒರೆಸಿದ. ಕೊಟ್ರಬಸಪ್ಪನ ಬಾಯಿ ತೆರೆಯಿತು. ಹಾಗೇ ಮುಚ್ಚಿತು.

ನೀತಿ: ಸೋತು ಬಿದ್ದವರನ್ನು ಬೈಯುವ ಮೊದಲು, ಅವರು ಯಾರು ಮಾಡಿದ ತೂತಿಗಾಗಿ ದುಡಿದು ಸೋತರು ಅಂತ ಹುಡುಕಿ ನೋಡಿ. ಆ ತೂತು ನಮ್ಮ ಕೈಯಿಂದಲೇ ಆಗಿರಬಹುದು. ಹಾಗೆ ಆಗಿದ್ದರೆ, ಎಷ್ಟು ಜನರ ಮುಂದೆ ಎಷ್ಟು ಗಟ್ಟಿಯಾಗಿ ಬೈದಿದ್ದೆವೋ, ಅಷ್ಟೇ ಜನರ ಮುಂದೆ ಅಷ್ಟೇ ಗಟ್ಟಿಯಾಗಿ ತಪ್ಪೊಪ್ಪಿಕೊಳ್ಳಬೇಕು.